ಹಿಂದಿನ ಸೀಟಿನ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಶೆಡ್ಡಿನ ಬಾಗಿಲು ಅರ್ಧ ಮಾತ್ರ ತೆರೆದಿದೆ. ಒಳಗೆ ಬೂದು ಬಣ್ಣದ ಹಳೆಯ ಕಾರೊಂದು ರಾತ್ರಿಯೆಲ್ಲ ನಿಂತು ತಣ್ಣಗಾಗಿದೆ. ಅದರ ಹಿಂದಿನ ಸೀಟಿನಲ್ಲಿ, ಎಡಗಡೆಗೆ, ಒಬ್ಬ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ ಕೂತಿದ್ದಾರೆ. ಹೊಸಬರು ನೋಡಿದರೆ, ಯಾರೋ ನೆಂಟರ ಮನೆಗೆ ಹೊರಟವರು ಡ್ರೈವರಿಗೆ ಕಾಯುತ್ತಿದ್ದಾರೆ ಅಂದುಕೊಳ್ಳಬೇಕು. ಅವರು ಎಲ್ಲಿಗೂ ಹೊರಟಿಲ್ಲ. ಕೆಲಸಕ್ಕೆ ಕೂತಿದ್ದಾರೆ.

"ಸ್ಟಾರ್ಟ್ ಮಾಡ್ಲಾ?" ಎಂದು ಮುಂದಿನ ಸೀಟಿನಿಂದ ಗಂಡ ಕೇಳುತ್ತಾರೆ.

"ಸ್ವಲ್ಪ ತಡೀರಿ. ನೀವು ಬಾಯಿ ತೆಗೆದ್ರಿ, ನೀವು ಕುಡಿದ ಟೀ ವಾಸನೆ ಒಳಗೆ ಬಂತು. ಅದು ಹೋಗ್ಲಿ."

ಗಂಡ ತುಟಿ ಬಿಗಿದು, ಟೀಚರು ಗದರಿಸಿದ ಮಗುವಿನ ಹಾಗೆ ಮುಖ ಮಾಡಿ ಕಾಯುತ್ತಾರೆ. ಆಮೇಲೆ ಹೆಂಡತಿಯ ತಲೆ ಅಲ್ಲಾಡಿದ್ದನ್ನು ಕನ್ನಡಿಯಲ್ಲಿ ನೋಡಿ ಕೀ ತಿರುಗಿಸುತ್ತಾರೆ. ತಣ್ಣಗಿನ ಎಂಜಿನ್ ಎರಡು ಸಲ ಕೆಮ್ಮಿ ಎದ್ದೇಳುತ್ತದೆ. ಹೆಂಗಸು ಒಂದೇ ಒಂದು ಉಸಿರು ಎಳೆದುಕೊಳ್ಳುತ್ತಾರೆ, ನಿಧಾನವಾಗಿ, ಬಾವಿಯಿಂದ ಕೊಡ ಎಳೆದ ಹಾಗೆ. ಬಾಗಿಲು ತೆಗೆದು ಇಳಿದು ನೇರವಾಗಿ ಗೇಟಿನ ಪಕ್ಕದ ಕಲ್ಲುಬೆಂಚಿಗೆ ನಡೆದು ಹೋಗುತ್ತಾರೆ. ಅಲ್ಲಿ ಬಯಲ ಗಾಳಿಗೆ ಮುಖವೊಡ್ಡಿ ಕೂತ ಮೇಲೆಯೇ ಮಾತು.

"ಇದೆ. ನನ್ನ ಎಡಗಾಲಿನ ಹತ್ರ, ಕೆಳಗಿಂದ. ಆದ್ರೆ ಇದು ಸಣ್ಣದು. ನಿನ್ನೆ ಕಾರು ತಂದ ಆ ಹುಡುಗಿಗೆ ತಲೆ ಸಿಡಿಯುವಷ್ಟು ಇದಲ್ಲ."

ಗಂಡನನ್ನು ಊರೆಲ್ಲ ಸೈಲೆನ್ಸರ್ ಮೇಸ್ತ್ರಿ ಎಂದು ಕರೆಯುತ್ತದೆ. ಶೆಡ್ಡಿನ ಬೋರ್ಡಿನ ಮೇಲೆ ಇರುವುದೂ ಅವರ ಹೆಸರು, ಅವರ ಫೋನು. ಕಾರಿನೊಳಗೆ ಹೊಗೆಯ ವಾಸನೆ ಬಂದರೆ ಇವರ ಹತ್ತಿರ ಹೋಗಿ ಅನ್ನುವುದು ಟ್ಯಾಕ್ಸಿಯವರ ಬಾಯಲ್ಲಿ ನಿಂತ ಮಾತು. ಆ ವಾಸನೆಯನ್ನು ಹಿಡಿಯುವ ಮೂಗು ಮಾತ್ರ ಮೇಸ್ತ್ರಿಯದಲ್ಲ. ನಲವತ್ತು ವರ್ಷ ಬೆಸುಗೆಯ ಹೊಗೆ ಕುಡಿದು ಅವರ ಮೂಗು ಯಾವತ್ತೋ ಕೈಕೊಟ್ಟಿದೆ. "ನನ್ನ ಮೂಗು ಕನ್ನಡಕ ಕೂರಿಸೋಕೆ ಇರೋದು," ಎಂದು ಅವರೇ ನಗುತ್ತಾರೆ. ಮೂಗು ಹೆಂಡತಿಯದು. ಟ್ಯಾಕ್ಸಿಯವರು ಅವರಿಗೆ ಇಟ್ಟ ಹೆಸರು ಹಿಂದಿನ ಸೀಟಿನ ಅಕ್ಕ.

"ಮೊದಲು ವಾಸನೆ ಅಕ್ಕ ಅಂತಿದ್ರು," ಎನ್ನುತ್ತಾರೆ ಅಕ್ಕ. "ನಾನೇ ಜಗಳ ತೆಗೆದೆ. ವಾಸನೆ ನನ್ನದಲ್ಲಪ್ಪ, ನಿಮ್ಮ ಕಾರಿಂದು ಅಂದೆ. ಆಮೇಲೆ ಹೆಸರು ಬದಲಾಯಿಸಿದ್ರು."

ಕೆಲಸ ಬೆಳಗಿನ ಜಾವದಲ್ಲೇ ಆಗಬೇಕು. ಅದಕ್ಕೇ ಕಾರನ್ನು ಹಿಂದಿನ ಸಂಜೆಯೇ ತಂದು ಬಿಟ್ಟು ಹೋಗಲು ಹೇಳುತ್ತಾರೆ. ಕಬ್ಬಿಣ ತಣ್ಣಗಿದ್ದಾಗ ಮುದುಡಿರುತ್ತದೆ, ಕೂದಲೆಳೆಯ ಬಿರುಕೂ ಬಾಯಿ ಬಿಟ್ಟಿರುತ್ತದೆ. ಎಂಜಿನ್ ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಗ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಕಳ್ಳ ಪೊಲೀಸರನ್ನು ಕಂಡು ಸಭ್ಯನಾದ ಹಾಗೆ. ಮೂಗಿನದೂ ಹಾಗೆಯೇ ಒಂದು ಗುಣವಿದೆ. "ಮೊದಲನೇ ಉಸಿರು ನಿಜ ಹೇಳುತ್ತೆ. ಎರಡನೇದು ರಾಜಿ ಮಾಡ್ಕೊಳ್ಳೋಕೆ ಶುರು ಮಾಡುತ್ತೆ. ಸ್ವಲ್ಪ ಹೊತ್ತು ಕೂತರೆ ಮೂಗು, ಏನೂ ಇಲ್ಲ ಬಿಡು ಅನ್ನುತ್ತೆ. ಗೊರಕೆ ಹೊಡೆಯೋ ಗಂಡನ ಪಕ್ಕ ನಿದ್ದೆ ಬರೋಲ್ವಾ, ಹಾಗೆ." ಆದ್ದರಿಂದ ಒಂದು ಸೀಟಿಗೆ ಒಂದು ಉಸಿರು. ಇಳಿದು, ಕಲ್ಲುಬೆಂಚಿನ ಮೇಲೆ ಕೂತು ಮೂಗು ತೊಳೆದುಕೊಂಡು, ಮತ್ತೆ ಇನ್ನೊಂದು ಸೀಟು. ದಿನಕ್ಕೆ ಎರಡು ಕಾರು, ಬಹಳವೆಂದರೆ ಮೂರು. ಅದಕ್ಕಿಂತ ಹೆಚ್ಚಾದರೆ ಅಕ್ಕನಿಗೇ ತಲೆ ಭಾರವಾಗಿ ಸಂಜೆಯ ಅಡುಗೆ ಅತ್ತೆಯ ಪಾಲಿಗೆ ಬೀಳುತ್ತದೆ.

ಅಕ್ಕ ಎದ್ದ ಮೇಲೆ ಕೆಲಸ ಮುಗಿಯುವ ತನಕ ಏನನ್ನೂ ಬಾಯಿಗೆ ಹಾಕುವುದಿಲ್ಲ. ಟೀ ಕೂಡ ಇಲ್ಲ. ಮುಖಕ್ಕೆ ಬರೀ ನೀರು. ಮನೆಯಲ್ಲಿ ಪೌಡರಿಲ್ಲ, ಅತ್ತರಿಲ್ಲ, ಘಮಘಮ ಅನ್ನುವ ಸೋಪಿಲ್ಲ. ತಲೆಗೆ ಹಚ್ಚುವ ಎಣ್ಣೆಯ ವಿಷಯದಲ್ಲಿ ಅತ್ತೆಗೂ ಸೊಸೆಗೂ ವರ್ಷಗಟ್ಟಲೆ ಶೀತಲ ಯುದ್ಧ ನಡೆದು, ಕೊನೆಗೆ ಅತ್ತೆ ತಮ್ಮ ಬಾಟಲಿಯನ್ನು ಮಹಡಿಯ ಕೋಣೆಗೆ ಸಾಗಿಸಿದ್ದಾರೆ. "ಬೇರೆಯವರ ಮನೇಲಿ ಸೊಸೆಯಂದಿರು ಅತ್ತೆ ಮಾತಿಗೆ ಮೂಗು ಮುರೀತಾರೆ. ನಮ್ಮನೇಲಿ ಮೂಗಿಗೆ ಅತ್ತೆಯೇ ತಲೆ ಬಾಗಬೇಕು," ಎನ್ನುವುದು ಆ ಹಿರಿಯರ ದೂರು. ದೂರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಮ್ಮೆಯೇ ಇದೆ.

ಆ ಮೂಗಿಗೆ ಗೊತ್ತಿರುವುದನ್ನು ಕೇಳುತ್ತಾ ಕೂತರೆ ಬೆರಗಾಗುತ್ತದೆ. "ಸುಡದೇ ಇರೋ ಪೆಟ್ರೋಲು ಮೂಗಿನ ತುದಿಗೆ ಚುಚ್ಚುತ್ತೆ. ಸುಟ್ಟ ಹೊಗೆ ಗಂಟಲಿನ ಹಿಂದೆ ಹೋಗಿ ಕೂರುತ್ತೆ. ಆಯಿಲ್ ಬಿಸಿ ಪೈಪಿನ ಮೇಲೆ ತೊಟ್ಟಿಕ್ಕಿದ್ರೆ ಹತ್ತಿದ ಬಾಣಲೆ ಹಾಗೆ. ರೇಡಿಯೇಟರ್ ನೀರು ಸೋರಿದ್ರೆ ಕೆಮ್ಮಿನ ಸಿರಪ್ ಹಾಗೆ ಸಿಹಿ. ಒಂದ್ಸಲ ಒಬ್ಬರು ಸೈಲೆನ್ಸರ್ ಪೂರ್ತಿ ಬದಲಾಯಿಸಿ ಅಂತ ತಂದಿದ್ರು. ಬಾಗಿಲು ತೆಗೆದ ಕೂಡಲೇ ಹೇಳ್ದೆ, ಸ್ವಾಮಿ, ನಿಮಗೆ ಬೇಕಾಗಿರೋದು ಮೆಕ್ಯಾನಿಕ್ ಅಲ್ಲ, ಇಲಿಯ ಅಂತ್ಯಸಂಸ್ಕಾರ ಮಾಡೋರು ಅಂತ."

ಈ ಮೂಗು ಹುಟ್ಟಿನಿಂದ ಬಂದದ್ದಲ್ಲ. ಮೊದಲ ಮಗಳು ಹೊಟ್ಟೆಯಲ್ಲಿದ್ದಾಗ ಬಂತು. ಗಂಡನಿಗೆ ಊಟ ಕೊಡಲು ಶೆಡ್ಡಿಗೆ ಬಂದವರು, ರಿಪೇರಿ ಮುಗಿದು ಹೊರಟು ನಿಂತಿದ್ದ ಕಾರಿನ ಪಕ್ಕ ಹಾದು, ಇದರಲ್ಲಿ ಹೊಗೆ ಇನ್ನೂ ಇದೆ ಅಂದರು. ಮೇಸ್ತ್ರಿ ನಕ್ಕರು. ಬಸುರಿ ಮೂಗಿಗೆ ಎಲ್ಲವೂ ನಾತವೇ ಅಂದರು. ಕಾರು ಹೋಯಿತು. ಮರುದಿನ ಅದರ ಮಾಲೀಕ ಓಡಿ ಬಂದ. ಹಿಂದೆ ಕೂತಿದ್ದ ಅವನ ತಾಯಿ ದಾರಿಯಲ್ಲಿ ಎಚ್ಚರ ತಪ್ಪಿದ್ದರು. ಬದುಕಿದರು, ಪುಣ್ಯ. "ಅವತ್ತು ನಕ್ಕಿದ್ದೇ ಕೊನೆ," ಎನ್ನುತ್ತಾರೆ ಮೇಸ್ತ್ರಿ. ಅಲ್ಲಿಂದ ಈಚೆಗೆ ಅಕ್ಕ ಕೂತು ಏಳದೆ ಒಂದು ಕಾರೂ ಆ ಗೇಟು ದಾಟಿಲ್ಲ. ಅಕ್ಕನಿಗೆ ನೆಗಡಿಯಾದರೆ ಶೆಡ್ಡಿಗೆ ರಜೆ. "ಹೆರಿಗೆ ಆದ್ಮೇಲೆ ಎಲ್ಲರ ಮೂಗೂ ಮೊದಲಿನ ಹಾಗೆ ಆಗುತ್ತಂತೆ. ನನ್ನದು ಆಗ್ಲಿಲ್ಲ. ಮಗಳು ಹೊರಗೆ ಬಂದ್ಳು, ಮೂಗು ಇಲ್ಲೇ ಉಳೀತು."

ಮೂಗೊಂದನ್ನೇ ನಂಬುವವರೂ ಅಲ್ಲ ಅವರು. ಕಾರಿನ ಹೊಗೆಯಲ್ಲಿ ಜೀವ ತೆಗೆಯುವ ವಿಷಕ್ಕೆ ವಾಸನೆಯೇ ಇಲ್ಲ. ನಮಗೆ ಬಡಿಯುವುದು ಅದರ ಜೊತೆಗೆ ಬರುವ ಬೇರೆ ಹೊಗೆಯ ವಾಸನೆ. "ಕಳ್ಳ ಸದ್ದು ಮಾಡಲ್ಲ, ಅವನ ಹಿಂದೆ ಬಂದ ನಾಯಿ ಬೊಗಳುತ್ತೆ. ನಾನು ಕೇಳಿಸ್ಕೊಳ್ಳೋದು ನಾಯಿಯನ್ನ." ಕಳ್ಳನನ್ನು ಹಿಡಿಯಲು ಅಂಗೈಯಗಲದ ಒಂದು ಮೀಟರ್ ಇದೆ, ಅದನ್ನು ಪ್ರತಿ ಕಾರಿನಲ್ಲೂ ಸೀಟಿನ ಮೇಲೆ ಇಡುತ್ತಾರೆ. ವಿಷ ಎಷ್ಟಿದೆ ಅಂತ ಮೀಟರ್ ಹೇಳುತ್ತದೆ, ಎಲ್ಲಿಂದ ಬಂತು ಅಂತ ಅಕ್ಕ ಹೇಳಬೇಕು.

ಈ ಬೂದು ಬಣ್ಣದ ಕಾರು ಬಂದದ್ದು ನಿನ್ನೆ ಸಂಜೆ. ತಂದವರು ಇಬ್ಬರು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುವ ಯುವಕ, ಉಗುರಿನ ಸಂದಿಯಲ್ಲಿ ಇಂಕು. ಮತ್ತು ಅವನ ಹೆಂಡತಿ, ಊರಿನ ಆಚೆ ತುದಿಯ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಟೀಚರು, ಏಳು ತಿಂಗಳ ಬಸುರಿ. ಯುವಕ ದಿನವೂ ಅವಳನ್ನು ಶಾಲೆಗೆ ಬಿಟ್ಟು ಪ್ರೆಸ್ಸಿಗೆ ಹೋಗುತ್ತಾನೆ. ಮುಂದೆ ಕೂತರೆ ಬೆಲ್ಟು ಹೊಟ್ಟೆಗೆ ಒತ್ತುತ್ತದೆಂದು ಅವಳು ಹಿಂದಿನ ಸೀಟಿನ ಎಡಗಡೆಗೆ ಕೂರುತ್ತಾಳೆ. ಕಾರು ಕೊಂಡು ಮೂರು ತಿಂಗಳಾಗಿದೆ, ಬೇರೆಯವರು ಓಡಿಸಿ ಬಿಟ್ಟದ್ದು. ಅವಳ ತಲೆನೋವಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು.

ವಾಸನೆ ಬರುತ್ತೆ ಅಂತ ಅವಳು ಹೇಳುತ್ತಲೇ ಇದ್ದಳು. ಎರಡು ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, ಏನೂ ಇಲ್ಲ ಅಂದರು. ಒಬ್ಬನಂತೂ ಅವಳ ಹೊಟ್ಟೆಯ ಕಡೆ ನೋಡಿ, ಇನ್ನೆರಡು ತಿಂಗಳಲ್ಲಿ ತಾನಾಗೇ ಸರಿಹೋಗುತ್ತೆ ಬಿಡಿ ಅಂತ ಕಣ್ಣು ಮಿಟುಕಿಸಿದ. ಅವಳ ಅತ್ತೆಯ ಮಾತು ಇನ್ನೂ ಚೂಪು: ಬಸುರಿ ಮೂಗಿಗೆ ಬೆಂಕಿಕಡ್ಡಿ ಗೀಚಿದ್ರೂ ಕಾಡ್ಗಿಚ್ಚು. ಇಡೀ ದಿನ ಇಂಕಿನ ನಡುವೆ ಇರುವ ಗಂಡನ ಮೂಗಿಗೆ ಏನೂ ತಿಳಿಯದು. ಕೊನೆಗೆ, ಇನ್ನು ಈ ಕಾರು ಹತ್ತೋಲ್ಲ ಅಂತ ಅವಳು ಹಟ ಹಿಡಿದು, ಎರಡು ದಿನ ಗಂಡ ಹೆಂಡಿರ ನಡುವೆ ಮಾತು ನಿಂತು, ಮೂರನೆಯ ದಿನ ಒಬ್ಬ ಟ್ಯಾಕ್ಸಿಯವ ಇಲ್ಲಿಗೆ ಕಳಿಸಿದ.

"ಸುಮ್ನೆ ಒಂದ್ಸಲ ನೋಡಿಬಿಡಿ," ಎಂದು ಯುವಕ ನಿನ್ನೆ ಮೇಸ್ತ್ರಿಯ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ. "ಅವಳ ಸಮಾಧಾನಕ್ಕೆ."

ಅಕ್ಕ ಟೀಚರಿನ ಪಕ್ಕ ಬೆಂಚಿನ ಮೇಲೆ ಕೂತು ಕೇಳಿದರು. "ತಲೆನೋವು ಯಾವಾಗ ಬಿಡುತ್ತಮ್ಮ?"

"ಶಾಲೆಗೆ ಹೋದ ಮೇಲೆ, ಮಕ್ಕಳ ಊಟದ ಹೊತ್ತಿಗೆ ಪೂರ್ತಿ ಹೋಗಿರುತ್ತೆ ಅಕ್ಕ. ಸಂಜೆ ಮನೆಗೆ ಬರುವಾಗ ಮತ್ತೆ."

"ಭಾನುವಾರ?"

ಅವಳು ಯೋಚಿಸಿದಳು. "ಭಾನುವಾರ ಬರಲ್ಲ."

ಅಕ್ಕ ಯುವಕನ ಕಡೆ ತಿರುಗಿದರು. "ಬಸುರಿನ ತಲೆನೋವಾದ್ರೆ ಶಾಲೆಗೂ ಜೊತೆಗೇ ಹೋಗ್ಬೇಕು, ಭಾನುವಾರವೂ ಮನೇಲಿರ್ಬೇಕು. ಇದು ಕಾರಲ್ಲೇ ವಾಸ ಮಾಡೋ ತಲೆನೋವು. ಇವತ್ತಿಂದ ಇವರು ಇದನ್ನ ಹತ್ತೋದು ಬೇಡ. ನಾಳೆ ಡಾಕ್ಟರಿಗೂ ಹೊಗೆ ವಿಷಯ ಹೇಳಿ, ಮುಚ್ಚಿಡಬೇಡಿ. ಬೆಳಿಗ್ಗೆ ಇಬ್ಬರೂ ಬಸ್ಸಿಗೆ ಬನ್ನಿ." ವಾಸನೆ ಗೊತ್ತಾದವರೂ ಬರಬೇಕು, ಕಾರೊಂದೇ ಬಂದರೆ ಸಾಲದು ಅನ್ನುವುದು ಅವರ ಪದ್ಧತಿ. ಹೊರಡುವ ಮುನ್ನ ಟೀಚರು ಇನ್ನೊಂದು ಮಾತು ಹೇಳಿದಳು. "ನಿಂತ ಕಾರಲ್ಲಿ ಅಷ್ಟು ಬರಲ್ಲ ಅಕ್ಕ. ಓಡುವಾಗಲೇ." ಆ ಮಾತನ್ನು ಅಕ್ಕ ಸೆರಗಿಗೆ ಗಂಟು ಹಾಕಿಕೊಂಡವರಂತೆ ಇಟ್ಟುಕೊಂಡಿದ್ದಾರೆ.

ಈಗ ಬೆಳಕು ಹರಿದಿದೆ. ಬಸ್ಸಿನಿಂದ ಇಳಿದ ಇಬ್ಬರೂ ಬೆಂಚಿನ ಹತ್ತಿರ ನಿಂತಿದ್ದಾರೆ. ಮೇಸ್ತ್ರಿ ಸೈಲೆನ್ಸರಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯುತ್ತಾರೆ. ಹೊರಗೆ ಹೋಗಲು ದಾರಿಯಿಲ್ಲದ ಹೊಗೆ ಬೇರೆಲ್ಲೋ ನುಸುಳಬೇಕು. ಕಾರಿನ ಹೊಟ್ಟೆಯ ಕೆಳಗಿಂದ 'ಸ್ಸ್ಸ್' ಎಂಬ ಸದ್ದು ಕೇಳುತ್ತದೆ. ಕಾರಿನಡಿಯ ರಿಪೇರಿ ಗುಂಡಿಗೆ ಇಳಿದು, ಸಣ್ಣ ಕನ್ನಡಿಯೊಂದನ್ನು ಪೈಪಿನ ಮೇಲ್ಗಡೆಗೆ ಹಿಡಿದು ನೋಡಿದರೆ ಉಗುರುದ್ದದ ಬಿರುಕು. ಕೆಳಗಿನಿಂದ ನೋಡಿದವರಿಗೆ ಕಾಣದ ಜಾಗ, ನೆಲಕ್ಕೆ ಬೆನ್ನು ಹಾಕಿ ಸೀಟಿನ ಕಡೆ ಮುಖ ಮಾಡಿದ ಬಿರುಕು. ಅಕ್ಕ ಹೇಳಿದ ಎಡಗಾಲಿನ ನೇರಕ್ಕೇ ಇದೆ. ಮೇಸ್ತ್ರಿ ಅದನ್ನು ಉಜ್ಜಿ, ಬೆಸುಗೆ ಹಾಕಿ, ಸೋಪಿನ ನೀರು ಸವರಿ ಗುಳ್ಳೆ ಏಳದ್ದನ್ನು ಖಾತ್ರಿ ಮಾಡಿಕೊಂಡು ಮೇಲೆ ಬರುತ್ತಾರೆ. ಅಕ್ಕ ಮತ್ತೆ ಹಿಂದಿನ ಸೀಟಿಗೆ. ಕಿಟಕಿಗಳೆಲ್ಲ ಮುಚ್ಚಿ, ಎಂಜಿನ್ ಹಾಕಿ, ಒಂದು ಉಸಿರು. ಏನೂ ಇಲ್ಲ. ಮೀಟರಿನಲ್ಲಿಯೂ ಸೊನ್ನೆ.

"ಮುಗೀತು," ಎಂದು ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾರೆ. ಯುವಕನ ಮುಖ ಹಗುರಾಗುತ್ತದೆ.

"ಮುಗಿದಿಲ್ಲ," ಎನ್ನುತ್ತಾರೆ ಅಕ್ಕ.

"ಇನ್ನೇನೇ? ಬಿರುಕು ಸಿಕ್ತು, ಮುಚ್ಚಿದೆ. ನಿನ್ನ ಮೂಗೂ ಇಲ್ಲ ಅಂತು, ಮೀಟರೂ ಇಲ್ಲ ಅಂತು. ಇನ್ನು ಯಾರನ್ನ ಕೇಳ್ಬೇಕು?"

"ಅವಳು ಹೇಳಿದಳಲ್ಲ, ಓಡುವಾಗ ಅಂತ. ಅವಳನ್ನ ಕೇಳ್ಬೇಕು."

ಕಾರು ರಸ್ತೆಗೆ ಇಳಿಯುತ್ತದೆ. ಯುವಕ ಓಡಿಸುತ್ತಾನೆ, ಮೇಸ್ತ್ರಿ ಪಕ್ಕದಲ್ಲಿ ಮೀಟರ್ ಹಿಡಿದಿದ್ದಾರೆ, ಟೀಚರಿನ ಜಾಗದಲ್ಲಿ ಅಕ್ಕ. ಅಂಗಡಿಗಳ ಬಾಗಿಲು ಇನ್ನೂ ತೆರೆಯದ ಬೀದಿ ದಾಟಿ ದೊಡ್ಡ ರಸ್ತೆ ಸೇರಿ ವೇಗ ಹಿಡಿದರೂ ಏನೂ ಬರುವುದಿಲ್ಲ. ಮೇಸ್ತ್ರಿ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸುತ್ತಾರೆ. ಆ ಹುಬ್ಬಿನ ಅರ್ಥ ನಲವತ್ತು ವರ್ಷದ ಸಂಸಾರಕ್ಕೆ ಚೆನ್ನಾಗಿ ಗೊತ್ತು. ಅಕ್ಕ ಕೇಳುತ್ತಾರೆ, "ದಿನಾ ಹೀಗೇ ಓಡಿಸ್ತೀರೇನಪ್ಪ? ಇದೇ ದಾರಿ, ಇದೇ ಸ್ಪೀಡು?"

"ಹೂಂ ಅಕ್ಕ, ಹೀಗೇ. ಕಿಟಕಿ ಮಾತ್ರ ಎರಡು ಬೆರಳಷ್ಟು ಇಳಿಸಿರ್ತೀನಿ. ವಾಸನೆ ವಾಸನೆ ಅಂತಾಳಲ್ಲ, ಅವಳಿಗೆ ಗಾಳಿ ಬರ್ಲಿ ಅಂತ. ಇವತ್ತು ನೀವು ನೋಡ್ಬೇಕಲ್ಲ ಅಂತ ಮುಚ್ಚಿದೆ."

ಅಕ್ಕ ಅವನ ಪಕ್ಕದ ಮುಚ್ಚಿದ ಗಾಜಿನ ಕಡೆ ನೋಡುತ್ತಾರೆ. ಆಮೇಲೆ, "ಇಳಿಸಿ," ಎನ್ನುತ್ತಾರೆ.

ಗಾಜು ಎರಡು ಬೆರಳಷ್ಟು ಇಳಿಯುತ್ತದೆ. ಅಕ್ಕ ಉಸಿರು ಎಳೆದುಕೊಳ್ಳುತ್ತಾರೆ, ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂಗಿಗೆ ಸೆರಗು ಅಡ್ಡ ಬರುತ್ತದೆ. "ಬಂತು. ಬೆನ್ನ ಹಿಂದಿಂದ. ಡಿಕ್ಕಿಯಿಂದ." ಮೇಸ್ತ್ರಿಯ ಕೈಯಲ್ಲಿ ಸೊನ್ನೆ ತೋರಿಸುತ್ತಿದ್ದ ಮೀಟರು ಏರತೊಡಗುತ್ತದೆ. ಗಾಜು ಏರಿಸಿದರೆ ಅಂಕಿ ಇಳಿಯುತ್ತದೆ, ಇಳಿಸಿದರೆ ಏರುತ್ತದೆ. ಮೂರು ಸಲ ಹಾಗೆ ಮಾಡಿ ನೋಡಿ ಎಲ್ಲ ಗಾಜನ್ನೂ ಪೂರ್ತಿ ಇಳಿಸಿ ರಸ್ತೆಯ ಪಕ್ಕಕ್ಕೆ ನಿಲ್ಲಿಸುತ್ತಾರೆ.

ಡಿಕ್ಕಿಯ ಹಾಸು ಎತ್ತಿ, ಸ್ಟೆಪ್ನಿ ಚಕ್ರ ತೆಗೆದರೆ ಕೆಳಗೆ ನಾಣ್ಯದಗಲದ ಒಂದು ತೂತು. ಅದರ ಮೂಲಕ ರಸ್ತೆಯ ಡಾಂಬರು ಕಾಣುತ್ತದೆ. ತೂತಿನ ಸುತ್ತ ಮಸಿ, ಯಾರೋ ಕಾಡಿಗೆಯ ಬೆರಳಿನಿಂದ ಬೊಟ್ಟಿಟ್ಟ ಹಾಗೆ. ಹಿಂದೆ ಯಾವಾಗಲೋ ಕಾರಿನ ಹಿಂಭಾಗಕ್ಕೆ ಪೆಟ್ಟಾಗಿ, ತಟ್ಟಿ ಬಣ್ಣ ಬಳಿದವರು ತಳದ ರಬ್ಬರ್ ಮುಚ್ಚಳವನ್ನು ವಾಪಸ್ ಹಾಕಲು ಮರೆತಿದ್ದಾರೆ. ಅಷ್ಟೇ. ಸೈಲೆನ್ಸರಿನ ಬಾಯಿಂದ ನ್ಯಾಯವಾಗಿ ಹೊರಗೆ ಹೋದ ಹೊಗೆಯೇ ಕಾರಿನ ಬೆನ್ನ ಹಿಂದೆ ಸುತ್ತಿ ಸುಳಿದು ಆ ತೂತಿನಿಂದ ಮರಳಿ ಒಳಗೆ ಬರುತ್ತಿತ್ತು.

"ಮುಂದಿನ ಕಿಟಕಿ ಸ್ವಲ್ಪ ತೆಗೆದ್ರೆ ಓಡೋ ಗಾಳಿ ಒಳಗಿನ ಗಾಳಿನ ಎಳ್ಕೊಂಡು ಹೋಗುತ್ತೆ," ಎಂದು ಅಕ್ಕ ವಿವರಿಸುತ್ತಾರೆ. "ಖಾಲಿಯಾದ ಜಾಗಕ್ಕೆ ಎಲ್ಲಿಂದಾದ್ರೂ ಬರ್ಬೇಕಲ್ಲ. ಮನೆ ಮುಂಬಾಗಿಲು ತೆಗೆದ್ರೆ ಹಿತ್ತಿಲಲ್ಲಿ ಕಸ ಸುಡೋ ಹೊಗೆ ನಡುಮನೆಗೆ ಬರುತ್ತಲ್ಲ, ಅದೇ."

ಯುವಕ ತೂತನ್ನೇ ನೋಡುತ್ತಾ ನಿಂತಿದ್ದಾನೆ. ಅವನಿಗೆ ಲೆಕ್ಕ ಹತ್ತಿದೆ. ಅವಳು ವಾಸನೆ ಅಂದಾಗಲೆಲ್ಲ ಅವನು ಗಾಜು ಇಳಿಸಿದ್ದಾನೆ. ಇನ್ನೂ ಹೆಚ್ಚು ವಾಸನೆ ಅಂದಾಗ, ಗಾಳಿ ಬಿಟ್ಟಿದ್ದೀನಲ್ಲ ಇನ್ನೇನು ಮಾಡಲಿ ಅಂತ ರೇಗಿದ್ದಾನೆ. "ನಾನೇ ಎಳೆದು ಕೊಟ್ಟ ಹಾಗಾಯ್ತಲ್ಲ ಅಕ್ಕ," ಎನ್ನುತ್ತಾನೆ.

"ನೀವು ಕೊಟ್ಟಿದ್ದು ಗಾಳಿ. ಹೊಗೆ ಕೊಟ್ಟಿದ್ದು ತೂತು," ಎನ್ನುತ್ತಾರೆ ಅಕ್ಕ. ಆಮೇಲೆ, ಅವನಿಗಿಂತ ಹೆಚ್ಚಾಗಿ ತಮಗೇ ಹೇಳಿಕೊಂಡ ಹಾಗೆ: "ನಾನೂ ಇಷ್ಟು ವರ್ಷ ಕಿಟಕಿ ಮುಚ್ಚಿಯೇ ನೋಡ್ದೆ. ಮುಚ್ಚಿದ್ರೆ ವಾಸನೆ ಚೆನ್ನಾಗಿ ನಿಲ್ಲುತ್ತೆ ಅಂತ. ತೆರೆದಾಗ ಮಾತ್ರ ಬರೋದೂ ಇರುತ್ತೆ ಅಂತ ಹೊಳೀಲೇ ಇಲ್ಲ. ಹೀಗೆ ಎಷ್ಟು ಕಾರು ಬಿಟ್ಟು ಕಳಿಸಿದ್ದೀನೋ." ಮೇಸ್ತ್ರಿ ಹೆಂಡತಿಯ ಮುಖ ನೋಡುತ್ತಾರೆ. ಹುಬ್ಬು ಈ ಸಲ ಹಾರುವುದಿಲ್ಲ.

ಕಿಟಕಿ ತೆರೆದಿಟ್ಟುಕೊಂಡು ನಿಧಾನವಾಗಿ ಶೆಡ್ಡಿಗೆ ಮರಳಿದ ಮೇಲೆ ಮೇಸ್ತ್ರಿ ಡಬ್ಬಿಗಳನ್ನೆಲ್ಲ ಸುರುವಿ ತೂತಿನ ಅಳತೆಯ ರಬ್ಬರ್ ಮುಚ್ಚಳ ಹುಡುಕಿ ಒತ್ತಿ ಕೂರಿಸುತ್ತಾರೆ, ಸುತ್ತ ಅಂಟು ಸವರುತ್ತಾರೆ. ಡಿಕ್ಕಿ ಬಾಗಿಲಿನ ಅಂಚಿಗೆ ಪೇಪರಿನ ಪಟ್ಟಿಗಳನ್ನಿಟ್ಟು ಮುಚ್ಚಿ ಒಂದೊಂದನ್ನೇ ಎಳೆದು ನೋಡುತ್ತಾರೆ. ಎಲ್ಲೂ ಸಡಿಲವಾಗಿ ಜಾರಿ ಬರುವುದಿಲ್ಲ, ಅಂದರೆ ಅಂಚಿನ ರಬ್ಬರ್ ಬೀಡಿಂಗ್ ಬಿಗಿಯಾಗಿದೆ. ಅಂಟು ಒಣಗಿದ ಮೇಲೆ ಮತ್ತೆ ರಸ್ತೆ. ಗಾಜು ಮುಚ್ಚಿ ಒಂದು ಉಸಿರು, ಎರಡು ಬೆರಳು ಇಳಿಸಿ ಒಂದು ಉಸಿರು, ಪೂರ್ತಿ ಇಳಿಸಿ ಒಂದು. ಮೀಟರು ಮಿಸುಕಾಡುವುದಿಲ್ಲ. ಅಕ್ಕ ಹಿಂದಿರುಗಿ ಬಂದು ಬೆಂಚಿನ ಮೇಲಿದ್ದ ಟೀಚರಿಗೆ ಕೈ ನೀಡುತ್ತಾರೆ.

"ಬಾಮ್ಮ. ನನ್ನದು ಆಯ್ತು. ಈಗ ನಿನ್ನ ಮೂಗು ಒಪ್ಪಬೇಕು."

ಅವಳು ಹತ್ತಲು ಹಿಂಜರಿಯುತ್ತಾಳೆ. ಒಂದು ಕೈ ಬಾಗಿಲಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಎಡಗಡೆಯಲ್ಲಿ ಅವಳು ಕೂತ ಮೇಲೆ ಅಕ್ಕ ಸುತ್ತು ಹಾಕಿ ಬಂದು ಅವಳ ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳುತ್ತಾರೆ. ಕಾರು ಬೀದಿಯ ಕೊನೆಯ ತನಕ ಹೋಗಿ ದೊಡ್ಡ ರಸ್ತೆಗೆ ತಿರುಗುತ್ತದೆ. ಟೀಚರು ಕಣ್ಣು ಮುಚ್ಚಿ ಮೊದಲನೆಯ ಉಸಿರು ಎಳೆದುಕೊಳ್ಳುತ್ತಾಳೆ. ಗಂಡ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದಾನೆ, ಪರೀಕ್ಷೆಯ ಫಲಿತಾಂಶಕ್ಕೆ ನಿಂತವನ ಹಾಗೆ. ಒಂದು ತಿರುವು, ಒಂದು ಸಿಗ್ನಲ್ಲು, ಮತ್ತೊಂದು ತಿರುವು. ಇದ್ದಕ್ಕಿದ್ದ ಹಾಗೆ ಅವಳು ಕಣ್ಣು ತೆರೆದು ಹೇಳುತ್ತಾಳೆ: "ರೀ, ಬಾಲ್ಕನಿಯ ಬಟ್ಟೆ ಒಳಗೆ ತಂದ್ರಾ? ಮೋಡ ಆಗ್ತಿದೆ."

ಅಕ್ಕ ಅವಳ ಕೈ ಬಿಡುತ್ತಾರೆ. ಸೀಟಿಗೆ ಒರಗುತ್ತಾರೆ. ಬೆಳಗಿನಿಂದ ಮೊದಲ ಸಲ.

ಕಾರು ಹೊರಟು ಹೋದ ಮೇಲೆ ಮೇಸ್ತ್ರಿ ಒಲೆ ಹಚ್ಚಿ ಹೆಂಡತಿಗೆ ಟೀ ಮಾಡಿ ತರುತ್ತಾರೆ. ಅದು ಅವರ ಪಾಲಿನ ಕೆಲಸ, ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಅಕ್ಕ ಲೋಟವನ್ನು ಕೂಡಲೇ ಬಾಯಿಗಿಡುವುದಿಲ್ಲ. ಮೊದಲು ಅದರ ಹಬೆಯನ್ನು ಮೂಗಿನ ತುಂಬ ತುಂಬಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಬಹಳ ಹೊತ್ತು ಯೋಚಿಸಿ, ಒಂದು ದಿನ ಒಳ್ಳೆ ಘಮಘಮ ಸೋಪಿನಲ್ಲಿ ಸ್ನಾನ ಮಾಡಿ, ಯಾವುದಾದರೂ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಏನನ್ನೂ ಮೂಸದೆ ಸುಮ್ಮನೆ ಊರು ನೋಡಿಕೊಂಡು ಬರಬೇಕು ಅನ್ನುತ್ತಾರೆ. "ಒಂದೇ ದಿನ. ಮರುದಿನ ಕೆಲಸ ಇರುತ್ತಲ್ಲ. ಬಿಟ್ಟು ಕಳಿಸಿದ ಕಾರುಗಳನ್ನೂ ಕರೆಸ್ಬೇಕು, ಕಿಟಕಿ ತೆಗೆದು ನೋಡೋಕೆ."

ಆ ಟೀಚರು ನಿಮ್ಮನ್ನು ನೆನೆಸಿಕೊಳ್ಳುತ್ತಾಳೆ ಎಂದರೆ ಅಕ್ಕ ತಲೆಯಾಡಿಸುತ್ತಾರೆ.

"ಇಲ್ಲ ಬಿಡಿ. ನಾಳೆ ಕಾರು ಹತ್ತಿದ್ರೆ ಅವಳಿಗೆ ಮಗು ನೆನಪಾಗ್ಬೇಕು, ಶಾಲೆ ನೆನಪಾಗ್ಬೇಕು, ಒಣಗೋಕೆ ಹಾಕಿದ ಬಟ್ಟೆ ನೆನಪಾಗ್ಬೇಕು. ನಾನು ನೆನಪಾದೆ ಅಂದ್ರೆ ವಾಸನೆ ಇನ್ನೂ ಇದೆ ಅಂತ ಅರ್ಥ."